ಚಮಚಕ್ಕೆ ಹೆದರಿದ ಬೇಸಗೆ

ಮೊನ್ನೆ ಎಗೈಲಾದ ಮಾಲಿನಿಂದ ಸಾಮಾನಿನ ಚೀಲ ಹಿಡಿದು ಹೊರಗೆ ಬಂದಾಗ ಮೂಗಿಗೆ ಆ ವಾಸನೆ ಬಡಿಯಿತು. ಗಾಳಿ ಇನ್ನೂ ಎದ್ದಿರಲಿಲ್ಲ. ಆಕಾಶ ಮಾತ್ರ ಒಗೆದೂ ಒಗೆದೂ ಮಾಸಿದ ಬಿಳಿ ಬಟ್ಟೆಯ ಹಾಗಿತ್ತು. ಕುವೈತಿನಲ್ಲಿ ಇಷ್ಟು ವರ್ಷ ಕಳೆದವರಿಗೆ ದೂಳು ಬರುವ ಮೊದಲೇ ಅದರ ವಾಸನೆ ಗೊತ್ತಾಗುತ್ತದೆ. ಒಣಮಣ್ಣು, ಸ್ವಲ್ಪ ಸುಣ್ಣ, ಗಂಟಲಲ್ಲಿ ಬಂದು ಕೂತುಕೊಳ್ಳುವ ಏನೋ ಒಂದು. "ಬೇಗ ಕಾರು ಹತ್ತು, ಗುಬಾರ್ ಬರ್ತದೆ" ಎಂದು ನನ್ನ ಗಂಡ ಸ್ಟ್ಯಾನಿ ಕೂಗಿದ. ಗುಬಾರ್ ಎಂದರೆ ಇಲ್ಲಿನ ದೂಳಿನ ಬಿರುಗಾಳಿ. ನಾನು ನಿಂತಲ್ಲೇ ನಿಂತಿದ್ದೆ. ಅದು ದೂಳಿನ ಹೆದರಿಕೆ ಅಲ್ಲ. ದೂಳು ನನಗೆ ಹೊಸತೂ ಅಲ್ಲ. ಆ ವಾಸನೆ ನನ್ನನ್ನು ನೇರವಾಗಿ ಒಂದು ಬೇಸಗೆಗೆ, ಒಂದು ವಾರ್ಡಿನ ಕಿಟಕಿ ಪಕ್ಕದ ಮಂಚಕ್ಕೆ ಕೊಂಡುಹೋಗಿ ನಿಲ್ಲಿಸಿತ್ತು.

ಆ ವರ್ಷ ನನ್ನನ್ನು ಸರ್ಜಿಕಲ್ ವಾರ್ಡಿನಿಂದ ತೆಗೆದು ಬೇರೆ ವಾರ್ಡಿಗೆ ಹಾಕಿದ್ದರು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹೊಸ ವಾರ್ಡಿಗೆ ಇಂಗ್ಲಿಷಿನಲ್ಲಿ ಒಂದು ಉದ್ದದ ಹೆಸರಿತ್ತು, ಅರಬಿಯಲ್ಲಿ ಇನ್ನೂ ಉದ್ದದ್ದು. ನಾವು ನರ್ಸುಗಳು 'ಹಿಂದಿನ ವಾರ್ಡು' ಎನ್ನುತ್ತಿದ್ದೆವು. ಇನ್ನು ಗುಣವಾಗುವುದಿಲ್ಲ ಎಂದು ತಿಳಿದವರನ್ನು ಕೊನೆಯ ತನಕ ನೋವಿಲ್ಲದ ಹಾಗೆ ನೋಡಿಕೊಳ್ಳುವ ಜಾಗ ಅದು. ಸರ್ಜಿಕಲ್ ವಾರ್ಡಿನಲ್ಲಿ ನನಗೆ ಹೆಸರಿತ್ತು. ಹೊಟ್ಟೆ ಕೊಯ್ಸಿಕೊಂಡವರನ್ನು ಮರುದಿನವೇ ಎಬ್ಬಿಸಿ ನಡೆಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಒಳ್ಳೆಯ ಮಾತಿಗೆ ಏಳದವರನ್ನು ಬೈದು ಎಬ್ಬಿಸುತ್ತಿದ್ದೆ. ಇಲ್ಲಿ ಯಾರನ್ನು ಎಬ್ಬಿಸುವುದು, ಎಲ್ಲಿಗೆ ನಡೆಸುವುದು? ನನ್ನ ಬಾಯಿಯ ಜೋರು ಇಲ್ಲಿ ಮೂರು ಕಾಸಿಗೂ ಬೇಡವಾಯಿತು.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿತ್ತು. ಪ್ರತಿ ಬೆಳಿಗ್ಗೆ ವಾರ್ಡಿನ ಬಾಗಿಲು ತಳ್ಳುವ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದೆ. ಇಂದು ಯಾವ ಮಂಚ ಖಾಲಿ ಇದೆಯೋ ಎಂದು ಒಳಗೆ ಹೋಗುವಾಗಲೇ ಕಣ್ಣು ಓಡುತ್ತಿತ್ತು. ಆ ಹೆದರಿಕೆ ನನ್ನ ಬೆನ್ನು ಹತ್ತಿ ಮನೆಗೂ ಬಂತು. ಶುಕ್ರವಾರ ಊಟ ಮಾಡಿ ಸ್ಟ್ಯಾನಿ ಸೋಫಾದಲ್ಲಿ ಮಲಗಿದರೆ ನಾನು ಹತ್ತಿರ ಹೋಗಿ ಅವನ ಎದೆ ಏರಿಳಿಯುತ್ತದೆಯೇ ಎಂದು ನೋಡುತ್ತಿದ್ದೆ. ರಾಯ್ ಎಂಬ ಪೇಟೆಯ ಒಂದು ಶೋರೂಮಿನಲ್ಲಿ ಇಡೀ ವಾರ ಕಾರಿನ ಬಿಡಿಭಾಗ ಮಾರಿ ಸುಸ್ತಾದವನು ಅವನು. ಒಮ್ಮೆ ಕಣ್ಣು ತೆರೆಯದೆಯೇ ನಮ್ಮ ಕೊಂಕಣಿಯಲ್ಲಿ, "ಹಾಂವ್ ಜಿವೊ ಆಸಾಂ" ಎಂದ. ನಾನು ಬದುಕಿದ್ದೇನೆ ಮಾರಾಯ್ತಿ ಎಂದು. ನನಗೆ ನಗು ಬರಲಿಲ್ಲ.

ಸಂಜೀವಣ್ಣ ಬಂದದ್ದು ಆ ದಿನಗಳಲ್ಲಿ. ಕಟಪಾಡಿ ಕಡೆಯವರು, ಇಲ್ಲಿನ ಒಂದು ದೊಡ್ಡ ಹೋಟೆಲಿನಲ್ಲಿ ಮದುವೆ, ಪಾರ್ಟಿಗಳ ಊಟದ ಹಾಲ್ ನೋಡಿಕೊಳ್ಳುತ್ತಿದ್ದವರು. ಕಾಯಿಲೆ ಹೊಟ್ಟೆಯೊಳಗೆ ಹುಟ್ಟಿ ಯಕೃತ್ತಿಗೂ ಶ್ವಾಸಕೋಶಕ್ಕೂ ಹಬ್ಬಿತ್ತು. ಊರಿಗೆ ಕರೆದುಕೊಂಡು ಹೋಗುವ ಮಾತು ಮೊದಲು ಇತ್ತಂತೆ. ಈ ಸ್ಥಿತಿಯಲ್ಲಿ ವಿಮಾನ ಹತ್ತಿಸುವುದು ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಅದೂ ನಿಂತಿತು. ನಾನು ಮೊದಲ ಸಲ ರಕ್ತದೊತ್ತಡ ನೋಡಲು ಹೋದಾಗ ಅವರು ನನ್ನ ಎದೆಯ ಮೇಲಿನ ಹೆಸರುಪಟ್ಟಿ ಓದಿ, "ಊರು ಓಲು ಬಾಯಮ್ಮ?" ಎಂದು ತುಳುವಿನಲ್ಲಿ ಕೇಳಿದರು. ಊರು ಎಲ್ಲಿ ಎಂದು. ನಮ್ಮ ಕಡೆಯ ತುಳುವರು ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಕುವೈತಿನಲ್ಲಿ ಎಲ್ಲರಿಗೂ ಸಿಸ್ಟರ್ ಆಗಿ ಆಗಿ, ಆ ಕರೆಯನ್ನು ನಾನು ಕೇಳದೆ ಎಷ್ಟೋ ಕಾಲವಾಗಿತ್ತು. ಕಿನ್ನಿಗೋಳಿ ಎಂದೆ. "ಹಾಗಾದ್ರೆ ಮನೆಯವರೇ ಆಯ್ತಲ್ಲ" ಎಂದರು. ಅಂದಿನಿಂದ ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಬರೆಯುವಾಗ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ.

ಅವರ ಹೆಂಡತಿ ವಾರಿಜಕ್ಕ ಅದೇ ದಿನ ನನ್ನನ್ನು ಬಾಗಿಲ ಹೊರಗೆ ತಡೆದು ನಿಲ್ಲಿಸಿದರು. ಗಟ್ಟಿ ಮೈಕಟ್ಟಿನ, ಸಣ್ಣ ಕಣ್ಣಿನ ಹೆಂಗಸು. ನನ್ನ ಮಣಿಕಟ್ಟು ಹಿಡಿದ ಹಿಡಿತ ಇನ್ನೂ ನೆನಪಿದೆ.

"ಬಾಯಮ್ಮ, ಇವರಿಗೆ ಏನೂ ಹೇಳ್ಬಾರ್ದು ಆಯ್ತಾ. ಹೊಟ್ಟೆಯಲ್ಲಿ ಹುಣ್ಣು, ಗುಣ ಆಗ್ಲಿಕ್ಕೆ ಸ್ವಲ್ಪ ಸಮಯ ಬೇಕು ಅಂತ ಹೇಳಿದ್ದೇನೆ."

"ಅವರೇ ಕೇಳಿದ್ರೆ ಅಕ್ಕ?"

"ಕೇಳಿದ್ರೂ ಹೇಳ್ಬಾರ್ದು. ಇವರ ಅಣ್ಣನಿಗೆ ಊರಲ್ಲಿ ಡಾಕ್ಟ್ರು ಹೇಳಿದ್ದೇ ತಡ, ಗೋಡೆ ಕಡೆ ತಿರುಗಿ ಮಲಗಿದವರು ಮತ್ತೆ ಈಚೆ ತಿರುಗ್ಲಿಲ್ಲ. ಕಾಯಿಲೆ ಅಲ್ಲ ಬಾಯಮ್ಮ, ಆ ಮಾತೇ ಅವರನ್ನು ಕೊಂದದ್ದು."

ಇದು ನನಗೆ ಹೊಸ ಕೋರಿಕೆಯಲ್ಲ. ಇಲ್ಲಿನ ಮನೆಗಳಲ್ಲೂ ಅದೇ ಕ್ರಮ. ಮಗನಿಗೆ ಹೇಳುತ್ತಾರೆ, ತಂದೆಗೆ ಹೇಳುವುದಿಲ್ಲ. ನಮ್ಮ ಈಜಿಪ್ಟಿನ ಡಾಕ್ಟರು ಮನೆಯವರ ಮಾತು ಮೀರುವವರೂ ಅಲ್ಲ. "ಸಬರ್, ಸಿಸ್ಟರ್, ಸಬರ್" ಎನ್ನುತ್ತಿದ್ದರು, ತಾಳ್ಮೆ ಇಟ್ಟುಕೋ ಎಂದು. ಆದರೆ ಡಾಕ್ಟರು ದಿನಕ್ಕೊಮ್ಮೆ ಬಂದು ಹೋಗುವವರು. ಸಂಜೀವಣ್ಣನ ಪಕ್ಕ ದಿನವಿಡೀ ನಿಲ್ಲುವವಳು ನಾನು. ಇವತ್ತು ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಅವರ ಮುಖ ನೋಡಲು ಹೆದರಿ ನಾನು ಹಾಸಿಗೆಯ ಬಟ್ಟೆ ನೋಡುತ್ತಾ ಮಾತಾಡುವುದನ್ನು ಕಲಿತೆ.

ಅವರಿಗೆ ನುಂಗುವುದು ಕಷ್ಟವಾಗತೊಡಗಿತು. ಔಷಧಿಗಳಿಂದ ಬಾಯಿ ಒಣಗಿ ನಾಲಿಗೆ ಮರದ ತುಂಡಿನಂತಾಗುತ್ತಿತ್ತು. ಅಂಥವರಿಗೆ ಬಾಯಿ ಒದ್ದೆ ಮಾಡುತ್ತಿರುವುದೇ ದೊಡ್ಡ ಶುಶ್ರೂಷೆ. ಕಡ್ಡಿಯ ತುದಿಗೆ ಅಂಟಿಸಿದ ಸಣ್ಣ ಸ್ಪಂಜು ಬರುತ್ತದೆ, ನೀರಿಗೆ ಅದ್ದಿ ತುಟಿಗೂ ನಾಲಿಗೆಗೂ ಸವರುತ್ತೇವೆ. ಸಂಜೀವಣ್ಣ ಅದನ್ನು ನೋಡಿ ಮುಖ ಸಿಂಡರಿಸಿದರು. "ಎಂಥದು ಬಾಯಮ್ಮ, ಪಾತ್ರೆ ತಿಕ್ಕುವುದನ್ನು ನನ್ನ ಬಾಯಿಗೆ ಹಾಕ್ತೀರಾ? ನಾನು ಹೋಟೆಲಿನವ ಅಂತ ಹೀಗಾ?" ಎಂದರು. ಸರಿ ಎಂದು ಒಂದು ಸ್ಟೀಲಿನ ಸಣ್ಣ ಚಮಚ ತಂದೆ. ತಲೆಯನ್ನು ಸ್ವಲ್ಪ ಓರೆ ಮಾಡಿಸಿ, ಬಾಯಿಯ ಮೂಲೆಗೆ ಒಂದೊಂದೇ ಹನಿ. ಅವರು ಕಣ್ಣು ಮುಚ್ಚಿ, ಬಾಯಿ ತೆರೆದು, ಸುಖದಲ್ಲಿ ಮಲಗಿದ್ದರು.

ಆಗ ವಾರಿಜಕ್ಕ ಗಂಜಿಯ ಫ್ಲಾಸ್ಕು ಹಿಡಿದು ಒಳಗೆ ಬಂದರು. ಫ್ಲಾಸ್ಕು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಆ ಮುಖವನ್ನು ನಾನು ಮರೆಯಲಾರೆ. ರಕ್ತವೆಲ್ಲ ಇಳಿದುಹೋಗಿ ಬೂದಿಯಾಗಿತ್ತು. ಒಂದೇ ಹಾರಿಗೆ ಬಂದು ನನ್ನ ಕೈಯನ್ನು ಬಡಿದರು. ಚಮಚ ಹಾರಿ ಎಲ್ಲೋ ಬಿತ್ತು.

"ಯಾಕೆ ನೀರು ಬಿಡ್ತಿದ್ದೀರಿ? ಯಾರು ಹೇಳಿದ್ದು ನಿಮಗೆ ನೀರು ಬಿಡ್ಲಿಕ್ಕೆ? ಅವರಿಗೆ ಏನೂ ಆಗ್ಲಿಲ್ಲ! ಏನೂ ಆಗ್ಲಿಲ್ಲ!"

ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಊರಿನಲ್ಲಿ ಹಿಂದೂ ಮನೆಗಳಲ್ಲಿ ಜೀವ ಹೋಗುವ ಹೊತ್ತಿಗೆ ಮನೆಯವರೆಲ್ಲ ಒಬ್ಬೊಬ್ಬರಾಗಿ ತುಳಸಿಯ ನೀರನ್ನು ಬಾಯಿಗೆ ಬಿಡುತ್ತಾರೆ. ನೆರೆಮನೆಯಲ್ಲಿ ನಾನೇ ನೋಡಿದ್ದೆ. ಕಣ್ಣು ಮುಚ್ಚಿ ಮಲಗಿದ ಗಂಡ, ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಿರುವ ನರ್ಸು. ಬಾಗಿಲಲ್ಲಿ ನಿಂತ ಹೆಂಡತಿಗೆ ಬೇರೆ ಏನು ಅರ್ಥವಾಗಬೇಕಿತ್ತು? ನಮ್ಮವರದ್ದೂ ಕಡಿಮೆಯೇನಲ್ಲ. ಎಣ್ಣೆ ಹಚ್ಚಿ ಪ್ರಾರ್ಥಿಸಲು ಪಾದ್ರಿಯವರನ್ನು ಕರೆಸಿದರೆ ಸಾಕು, ಮನೆಯವರು ಎದೆ ಬಡಿದುಕೊಳ್ಳುತ್ತಾರೆ. ನನ್ನ ದೊಡ್ಡಮ್ಮ ಪಾದ್ರಿಯವರನ್ನು ಕಂಡದ್ದೇ ಎದ್ದು ಕೂತು, "ನಾನು ಅಷ್ಟು ಹಾಳಾಗಿದ್ದೇನಾ?" ಎಂದು ಜಗಳಕ್ಕೆ ನಿಂತಿದ್ದರು. ಎಲ್ಲವೂ ಗೊತ್ತಿದ್ದೂ ನನಗೆ ಚಮಚ ಹಿಡಿಯುವಾಗ ನೆನಪಾಗಲಿಲ್ಲ.

ವಾರಿಜಕ್ಕ ನೇರ ನಮ್ಮ ವಾರ್ಡಿನ ಮುಖ್ಯ ನರ್ಸಿನ ಬಳಿಗೆ ಹೋದರು. ಆ ಸಿಸ್ಟರ್ ತಮ್ಮ ಗಂಡನ ಕೋಣೆಗೆ ಬರಬಾರದು ಎಂದರು. ಮುಖ್ಯ ನರ್ಸು ಫಿಲಿಪ್ಪೀನ್ಸಿನವಳು. ನನ್ನನ್ನು ಕರೆದು ಏನು ಮಾಡಿದೆ ಎಂದು ಕೇಳಿದಳು. ನೀರು ಕೊಟ್ಟೆ ಎಂದೆ. "ವಾಟರ್? ಓನ್ಲಿ ವಾಟರ್?" ಎಂದು ಬಾಯಿ ತೆರೆದಳು. ಅವಳಿಗೆ ಬಿಡಿಸಿ ಹೇಳುವಷ್ಟು ನನ್ನ ಇಂಗ್ಲಿಷು ಉದ್ದವಿರಲಿಲ್ಲ. ದೂರು ಮೇಲಕ್ಕೆ ಹೋದರೆ ಕೆಲಸ, ಇಕಾಮಾ ಎಂಬ ವಾಸದ ಪರವಾನಗಿ, ಇಲ್ಲಿ ಕಟ್ಟಿಕೊಂಡ ಸಂಸಾರ ಎಲ್ಲ ಅಲ್ಲಾಡುತ್ತದೆ ಎಂಬ ಹೆದರಿಕೆ ಒಂದು ಕಡೆ. ಅದಕ್ಕಿಂತ ದೊಡ್ಡ ಹೆದರಿಕೆ, ಆ ಕೋಣೆಯೊಳಗೆ ವಾರಿಜಕ್ಕ ಕಾವಲು ಕೂತಿದ್ದರು. ಯಾರೂ ಗಂಡನ ಬಾಯಿಯ ಹತ್ತಿರ ನೀರು ತರುವ ಹಾಗಿರಲಿಲ್ಲ. ಸ್ಪಂಜನ್ನೂ ಬಿಡಲಿಲ್ಲ. ನೀರು ತಾಗದಿದ್ದರೆ ಸಾವೂ ಬರುವುದಿಲ್ಲ ಎಂದು ಅವರ ಮನಸ್ಸು ಎಲ್ಲೋ ನಂಬಿಬಿಟ್ಟಿತ್ತು. ಬಾಗಿಲ ಸಂದಿಯಿಂದ ನೋಡಿದರೆ ಸಂಜೀವಣ್ಣನ ತುಟಿ ಬಿರಿದು ಕಪ್ಪಾಗುತ್ತಿರುವುದು ಕಾಣುತ್ತಿತ್ತು.

ಕೊನೆಗೆ ಸಂಜೀವಣ್ಣನೇ ಹಟ ಹಿಡಿದರು. ಬಾಯಮ್ಮ ಬಾರದಿದ್ದರೆ ಔಷಧಿ ಬೇಡ ಎಂದರಂತೆ. ನಾನು ಹೋದಾಗ ವಾರಿಜಕ್ಕ ಕೆಳಗೆ ಫಾರ್ಮಸಿಗೆ ಹೋಗಿದ್ದರು.

"ಬಾಗಿಲು ಹಾಕಿ ಬಾಯಮ್ಮ" ಎಂದರು. ಹಾಕಿದೆ.

"ನಾನು ಅಪ್ಪನ ಬಾಯಿಗೆ ನೀರು ಬಿಟ್ಟವ. ಆ ದಿನ ಅಮ್ಮನ ಮುಖ ಹೇಗಿತ್ತು ಅಂತ ನನಗೆ ನೆನಪುಂಟು. ಮೊನ್ನೆ ವಾರಿಜನದ್ದು ಅದೇ ಮುಖ. ಹುಣ್ಣು ಆದವನಿಗೆ ಹಾಗೆ ಯಾರೂ ಹೆದರುವುದಿಲ್ಲ."

ಅಷ್ಟು ಜೋಪಾನವಾಗಿ ಬಚ್ಚಿಟ್ಟ ಮಾತನ್ನು ವಾರಿಜಕ್ಕ ಒಂದೇ ಕೂಗಿನಲ್ಲಿ ತಾವೇ ಹೇಳಿಬಿಟ್ಟಿದ್ದರು. ಮಂಚದ ಪಕ್ಕ ಕೂತೆ. ಆ ವಾರ್ಡಿಗೆ ಬಂದ ಮೇಲೆ ರೋಗಿಯ ಪಕ್ಕ ಸುಮ್ಮನೆ ಕೂತದ್ದು ಅದೇ ಮೊದಲು.

"ಎಂಕ್ ಪೋಡಿಗೆ ಆಪುಂಡು ಬಾಯಮ್ಮ" ಎಂದರು. ನನಗೆ ಹೆದರಿಕೆಯಾಗುತ್ತದೆ ಎಂದು. ಸಾವಿರ ಜನರ ಊಟದ ಹಾಲಿನಲ್ಲಿ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಆಜ್ಞೆ ಕೊಡುತ್ತಿದ್ದ ಗಂಡಸು. ಈಗ ಬಗ್ಗಿ ಕಿವಿಯಿಡಬೇಕಾಗಿತ್ತು. "ಹೋಗುವುದಕ್ಕೆ ಅಲ್ಲ. ಉಸಿರು ಕಟ್ಟಿ ಒದ್ದಾಡಿ ಹೋಗ್ತೇನಾ ಅಂತ. ನೀವು ನೋಡಿದ್ದೀರಲ್ಲ. ಹೇಗೆ ಆಗ್ತದೆ?"

ನಾನು ನೋಡಿದ್ದನ್ನು ಹೇಳಿದೆ. ನಿದ್ದೆ ಹೆಚ್ಚುತ್ತದೆ, ಮಾತು ಕಡಿಮೆಯಾಗುತ್ತದೆ. ಹಸಿವು ಇರುವುದಿಲ್ಲ. ಕೈಕಾಲು ತಣ್ಣಗಾಗುತ್ತದೆ. ಉಸಿರು ನಡುನಡುವೆ ನಿಂತು ಮತ್ತೆ ಬರುತ್ತದೆ. ಗಂಟಲಲ್ಲಿ ಗೊರಗೊರ ಶಬ್ದವಾಗಬಹುದು. ಅದು ನೋಡುವವರಿಗೆ ಸಂಕಟ, ಮಲಗಿದವರು ಆ ಹೊತ್ತಿಗೆ ಆಳದಲ್ಲಿರುತ್ತಾರೆ. ಉಸಿರಾಡಲು ಕಷ್ಟವಾದರೆ ಅದಕ್ಕೆ ಮದ್ದುಂಟು, ಕೊಡಲು ನಾನುಂಟು ಎಂದೆ. ಅವರು ಗಮನವಿಟ್ಟು ಕೇಳಿದರು, ನಾಳೆಯ ಪಾರ್ಟಿಗೆ ಎಷ್ಟು ಟೇಬಲು ಎಂದು ಕೇಳುವವರ ಹಾಗೆ. ಆಮೇಲೆ, "ನನಗೆ ಗೊತ್ತುಂಟು ಅಂತ ವಾರಿಜನಿಗೆ ಹೇಳ್ಬೇಡಿ. ಅವಳು ತಡಿಯುವುದಿಲ್ಲ" ಎಂದರು.

ಸರಿಹೋಯಿತು. ಅತ್ತ ದರಿ, ಇತ್ತ ಪುಲಿ. ಇದು ಸಾಲದೆಂದು ಮರುದಿನ ಅವರ ಮಗಳು ದೀಕ್ಷಾ ನನ್ನನ್ನು ಕಾರಿಡಾರಿನಲ್ಲಿ ಹಿಡಿದಳು. ಹನ್ನೆರಡನೇ ತರಗತಿ ಓದುತ್ತಿದ್ದಳು. ನಾವು ತುಳುವಿನಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ.

"ಆಂಟಿ, ಐ ಕ್ಯಾನ್ ರೀಡ್. ವಾರ್ಡಿನ ಬೋರ್ಡ್ ಓದಿದ್ದೇನೆ. ಡೋಂಟ್ ಟೆಲ್ ಮಮ್ಮಿ ಐ ನೋ. ಶಿ ವಿಲ್ ಬ್ರೇಕ್" ಎಂದಳು. ಅಳಲಿಲ್ಲ. ಶಾಲೆಯ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಒಂದೇ ಮಂಚದ ಸುತ್ತ ಮೂವರು. ಮೂವರಿಗೂ ಗೊತ್ತು. ಪ್ರತಿಯೊಬ್ಬರೂ ಉಳಿದಿಬ್ಬರಿಗೆ ಗೊತ್ತಾಗಬಾರದೆಂದು ನಗುತ್ತಿದ್ದರು. ಮಳೆ ಮುಗಿದ ಮೇಲೆ ಊರಿಗೆ ಹೋಗುವುದು, ಮನೆಗೆ ಬಣ್ಣ ಹೊಡೆಸುವುದು, ಅದಕ್ಕೆ ಹಳದಿಯೋ ಹಸಿರೋ ಎಂದು ಚರ್ಚೆ. ಕೇಳುತ್ತಾ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಏಕೆಂದರೆ ನನಗೆ ಕಾಣುತ್ತಿದ್ದುದು ಅವರಿಗೆ ಕಾಣುತ್ತಿರಲಿಲ್ಲ. ಸಂಜೀವಣ್ಣ ಒಂದು ವಾಕ್ಯದ ನಡುವೆ ನಿದ್ದೆ ಹೋಗತೊಡಗಿದ್ದರು. ಇನ್ನು ಕೆಲವೇ ದಿನ ಮಾತು. ಆಮೇಲೆ ಗಂಡ ಹೆಂಡತಿಗೆ ಹೇಳಬೇಕೆಂದರೂ ನಾಲಿಗೆ ಬರುವುದಿಲ್ಲ. ಆ ಮನುಷ್ಯ ಗೋಡೆಗೆ ಬಳಿಯುವ ಬಣ್ಣದ ಮಾತಾಡುತ್ತಲೇ, ಹೆದರಿಕೆಯನ್ನು ಒಬ್ಬನೇ ಹೊತ್ತುಕೊಂಡು ಹೋಗುತ್ತಾನೆ. ಚಹಾದ ಮಿಷನಿನ ಹತ್ತಿರ ಎರಡು ಸಲ ವಾರಿಜಕ್ಕನ ಬಳಿ ನಿಂತೆ, ಹೇಳಿಬಿಡಬೇಕೆಂದು. ಒಮ್ಮೆ ಸಕ್ಕರೆ ಬೇಕಾ ಎಂದು ಕೇಳಿದೆ. ಇನ್ನೊಮ್ಮೆ ಅದನ್ನೂ ಕೇಳಲಿಲ್ಲ. ನನಗೆ ಧೈರ್ಯ ಸಾಲಲಿಲ್ಲ.

ಗುಬಾರ್ ಬಂದದ್ದು ಒಂದು ಮಧ್ಯಾಹ್ನ. ಬೆಳಿಗ್ಗೆಯೇ ಶಾಲೆಗೆ ರಜೆ ಕೊಟ್ಟಿದ್ದರು, ದೀಕ್ಷಾ ವಾರ್ಡಿನಲ್ಲೇ ಇದ್ದಳು. ಊಟದ ಹೊತ್ತಿಗೆ ಕಿಟಕಿ ಕಿತ್ತಳೆಯಾಯಿತು, ಆಮೇಲೆ ಇಟ್ಟಿಗೆಯ ಬಣ್ಣ, ಆಮೇಲೆ ಏನೂ ಕಾಣಲಿಲ್ಲ. ಎದುರಿನ ಕಟ್ಟಡ ಅಳಿಸಿಹೋಯಿತು. ಹಗಲಲ್ಲೇ ದೀಪ ಹಾಕಿದೆವು. ಕಿಟಕಿಯ ಸಂದಿಗೆ ಒದ್ದೆ ಟವೆಲು ತುರುಕಿದರೂ ಎಸಿಯ ಬಾಯಿಯಿಂದ ಆ ವಾಸನೆ ಇಳಿಯುತ್ತಲೇ ಇತ್ತು. ಸಂಜೀವಣ್ಣನ ಕೋಣೆಯ ಗಂಟೆ ಹೊಡೆದುಕೊಂಡಿತು.

ಅವರು ಎದ್ದು ಕೂತು ಮಂಚದ ಕಂಬಿ ಹಿಡಿದಿದ್ದರು. ಕಣ್ಣು ಅಗಲ. ಗಾಳಿ ಒಳಗೆ ಹೋಗುತ್ತಿತ್ತು, ಆದರೆ ಸಾಲುತ್ತಿರಲಿಲ್ಲ. ಅವರು ಯಾವುದಕ್ಕೆ ಹೆದರಿದ್ದರೋ ಅದೇ ಬಂದು ಕೂತಿತ್ತು. ನಾನು ಓಡಿಹೋಗಿ ಡಾಕ್ಟರು ಬರೆದಿಟ್ಟಿದ್ದ ಮಾರ್ಫಿನ್ ಸಿರಿಂಜಿಗೆ ತುಂಬಿ ತಂದೆ. ವಾರಿಜಕ್ಕ ಮಂಚಕ್ಕೂ ನನಗೂ ನಡುವೆ ನಿಂತರು.

"ಬೇಡ. ಆ ಇಂಜೆಕ್ಷನ್ ಬೇಡ ಬಾಯಮ್ಮ. ಅದು ಕೊಟ್ಟವರು ಮತ್ತೆ ಏಳುವುದಿಲ್ಲ ಅಂತ ಎಲ್ರೂ ಹೇಳ್ತಾರೆ."

"ಇದು ಮಲಗಿಸ್ಲಿಕ್ಕೆ ಅಲ್ಲ ಅಕ್ಕ. ಉಸಿರಿನ ಆ ಸಂಕಟ ಇಳಿಲಿಕ್ಕೆ. ನೋಡಿ ಅವರ ಮುಖ."

"ನೀವು ಮೊನ್ನೆ ನೀರು ಬಿಟ್ಟವರು. ನಾನು ನಿಮ್ಮನ್ನು ಹೇಗೆ ನಂಬುವುದು?"

ಈ ಹೆಂಗಸನ್ನು ದೂಡಿ ಮುಂದೆ ಹೋಗಲೇ? ದೂಡಿದರೆ ನಾಳೆ ನನ್ನ ಗತಿ? ದೂಡದಿದ್ದರೆ ಇವರ ಗತಿ? ಆಗ ವಾರಿಜಕ್ಕನ ಹಿಂದಿನಿಂದ ಒಂದು ಕೈ ಬಂದು ಅವರ ಸೆರಗು ಹಿಡಿದು ಎಳೆಯಿತು.

"ಬುಡ್ಲ ವಾರಿಜಾ" ಎಂದರು ಸಂಜೀವಣ್ಣ. ಬಿಡು ಎಂದು. ಎರಡು ಉಸಿರು ತೆಗೆದುಕೊಂಡು, "ಎಂಕ್ ಗೊತ್ತುಂಡು" ಎಂದರು. ನನಗೆ ಗೊತ್ತಿದೆ.

ವಾರಿಜಕ್ಕ ಅಲ್ಲಾಡಲಿಲ್ಲ. ಬಾಗಿಲ ಬಳಿಯಿಂದ ಮಗಳು, "ಮಮ್ಮೀ, ಐ ನೋ ಟೂ" ಎಂದಳು.

ವಾರಿಜಕ್ಕ ಹಿಂದೆ ಸರಿದು ಗೋಡೆಗೆ ಒರಗಿದರು. ಆ ಗಳಿಗೆಯಲ್ಲಿ ನಾನು ಬಗ್ಗಿ ಇಂಜೆಕ್ಷನ್ ಕೊಟ್ಟುಬಿಟ್ಟೆ. ಬೆನ್ನಿಗೆ ದಿಂಬು ಇಟ್ಟೆ, ಸಣ್ಣ ಫ್ಯಾನನ್ನು ಮುಖದ ಕಡೆ ತಿರುಗಿಸಿದೆ, ದೀಕ್ಷಾಳಿಗೆ ಅಪ್ಪನ ಬೆನ್ನು ನೀವಲು ಹೇಳಿದೆ. ಹೊರಗೆ ದೂಳು ಗಾಜಿಗೆ ಉಜ್ಜಿಕೊಳ್ಳುತ್ತಲೇ ಇತ್ತು. ನಿಧಾನಕ್ಕೆ ಅವರ ಹೆಗಲು ಇಳಿಯಿತು, ಕಂಬಿ ಹಿಡಿದ ಬೆರಳು ಸಡಿಲವಾಯಿತು. ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ ವಾರಿಜಕ್ಕನಿಗೆ ಆಗ ಮಾತು ಬಂತು, ಅದೂ ಸಿಟ್ಟಿನಲ್ಲಿ.

"ಎಲ್ರಿಗೂ ಗೊತ್ತಿತ್ತಾ? ಹಾಗಾದ್ರೆ ಇಷ್ಟು ದಿನ ನಾಟಕ ಮಾಡಿದ ಮರುಳು ನಾನೊಬ್ಳೇನಾ?"

"ನೀನೊಬ್ಳೇ ಅಲ್ಲ" ಎಂದರು ಸಂಜೀವಣ್ಣ. "ನಾನೂ ಬಣ್ಣ ಹಸಿರು ಹೇಳ್ಲಿಲ್ವಾ?"

ಆಗ ಅತ್ತರು. ಮೂವರೂ ಅತ್ತರು. ಅಳುವಾಗ ಹೊರಗೆ ಹೋಗುವುದು ನರ್ಸಿಗೆ ಮರ್ಯಾದೆ, ಆದರೆ ಬಾಗಿಲ ಬಳಿ ದೀಕ್ಷಾಳ ಚೀಲ ಅಡ್ಡವಿತ್ತು, ನನ್ನ ಕಣ್ಣಿಗೆ ದಾರಿಯೂ ಸರಿ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು, "ವಾರಿಜಾ, ನೀರ್ ಕೊರ್ಲ" ಎಂದರು. ನೀರು ಕೊಡು.

ಅಕ್ಕ ತಲೆ ಅಲ್ಲಾಡಿಸಿದರು. "ನನ್ನ ಕೈಯಿಂದ ಆಗುವುದಿಲ್ಲ. ಆ ನೀರು ನಾನು ಕೊಡುವುದಿಲ್ಲ."

"ಬಾಯಾರಿಕೆ ಮಾರಾಯ್ತಿ. ಇಷ್ಟು ವರ್ಷ ಕಂಡಕಂಡವರ ಟೇಬಲಿಗೆ ನೀರು ಇಡಿಸಿದವ ನಾನು. ನನಗೆ ಒಂದು ಚಮಚ ಇಲ್ವಾ? ಆ ನೀರು ಕೊಡುವ ಹೊತ್ತಾದಾಗ ನಾನೇ ಹೇಳ್ತೇನೆ. ಅಲ್ಲಿವರೆಗೆ ಇದು ಬಾಯಾರಿಕೆಗೆ."

ವಾರಿಜಕ್ಕ ಚಮಚ ತೆಗೆದುಕೊಂಡರು. ಮೊದಲ ಹನಿ ಗಲ್ಲದ ಮೇಲೆ ಬಿತ್ತು, ಕೈ ಅಷ್ಟು ನಡುಗುತ್ತಿತ್ತು. ಎರಡನೆಯದು ಬಾಯಿಗೆ ಹೋಯಿತು.

ಆಮೇಲಿನ ಕೆಲವು ದಿನ ಆ ಕೋಣೆಯಲ್ಲಿ ಹೆದರಿಕೆ ಹೋಗಲಿಲ್ಲ, ಆದರೆ ಅದನ್ನು ಮೂವರೂ ಹಂಚಿಕೊಂಡು ಕೂತಿದ್ದರು. ಜೀವ ಹೋದ ಮೇಲೆ ತಮ್ಮನ್ನು ಊರಿಗೆ ಕಳಿಸಬೇಕು, ಇಲ್ಲಿ ಬಿಡಬಾರದು ಎಂದರು ಸಂಜೀವಣ್ಣ. ದೀಕ್ಷಾ ಪರೀಕ್ಷೆ ಮುಗಿಸಿಯೇ ಊರಿಗೆ ಹೋಗಬೇಕು ಎಂದರು. ಮದುವೆಯಾದ ಹೊಸತರಲ್ಲಿ ಅತ್ತೆಯ ಜೊತೆ ಆಡಿದ ಒಂದು ಜಗಳವನ್ನು ನೆನಪಿಸಿ, ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. "ಈಗ ಹೇಳಿ ಏನು ಪ್ರಯೋಜನ, ಅಮ್ಮ ಹೋಗಿ ಎಷ್ಟು ವರ್ಷ ಆಯ್ತು" ಎಂದು ವಾರಿಜಕ್ಕ ಬೈದರು. ಪ್ರತಿ ಸಲ ಚಮಚ ಎತ್ತುವಾಗ ಅವರು ಗಂಡನ ಮುಖ ನೋಡಿ, "ಇದಾ?" ಎಂದು ಕೇಳುತ್ತಿದ್ದರು. "ಅಲ್ಲ ಮಾರಾಯ್ತಿ" ಎನ್ನುತ್ತಿದ್ದರು ಅವರು. ಮಾತು ಕಷ್ಟವಾದ ಮೇಲೆ ತಲೆ ಅಲ್ಲಾಡಿಸುತ್ತಿದ್ದರು. ಅಷ್ಟಾದ ಮೇಲೆಯೇ ಹನಿ ಬಾಯಿಗೆ.

ಆಮೇಲೆ ತಲೆಯೂ ಅಲ್ಲಾಡಲಿಲ್ಲ. ನಾನೇ ಹೇಳುತ್ತೇನೆ ಎಂದಿದ್ದ ಮನುಷ್ಯ ನಿದ್ದೆಯ ಆಳಕ್ಕೆ ಇಳಿದುಬಿಟ್ಟಿದ್ದರು. ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಬಂದಾಗ ಮೊಣಕಾಲಿನ ಚರ್ಮದಲ್ಲಿ ನೀಲಿ ಕಲೆ ಮೂಡಿತ್ತು. ಉಸಿರು ನಿಲ್ಲುತ್ತಿತ್ತು, ನಾವೆಲ್ಲ ಕಾಯುತ್ತಿದ್ದೆವು, ಮತ್ತೆ ಬರುತ್ತಿತ್ತು. ದೀಕ್ಷಾ ಮನೆಯ ಬಾಲ್ಕನಿಯ ಕುಂಡದಿಂದ ತುಳಸಿ ತಂದಿದ್ದಳು, ಆ ಬಿಸಿಲಿಗೆ ಸುಟ್ಟು ಉಳಿದಿದ್ದ ನಾಲ್ಕೈದು ಎಲೆ. ಲೋಟದಲ್ಲಿ ಹಾಕಿ ಮುಚ್ಚಿಟ್ಟಿದ್ದಳು. ವಾರಿಜಕ್ಕ ಚಮಚ ಎತ್ತಿದರು. ಅಭ್ಯಾಸದಂತೆ ಗಂಡನ ಮುಖ ನೋಡಿದರು. ಅಲ್ಲಿಂದ ಉತ್ತರ ಬರಲಿಲ್ಲ. ಆಗ ನನ್ನ ಕಡೆ ತಿರುಗಿದರು.

"ಬಾಯಮ್ಮ, ಇದಾ?"

ಇಡೀ ಬೇಸಗೆ ನಾನು ಹೆದರಿದ್ದೆಲ್ಲ ಒಟ್ಟಾಗಿ ಆ ಒಂದು ಪ್ರಶ್ನೆಯಲ್ಲಿ ಬಂದು ನಿಂತಿತು. ಹೌದು ಎಂದ ಮೇಲೆ ಇವರು ಇನ್ನೂ ನಾಲ್ಕು ದಿನ ಉಳಿದರೆ? ಬದುಕಿದ್ದವರಿಗೆ ನೀರು ಬಿಡಿಸಿದೆ ಎಂದು ಈ ಹೆಂಗಸು ಜೀವಮಾನವಿಡೀ ಶಪಿಸುವುದಿಲ್ಲವೇ? ಅಲ್ಲ ಎಂದು ಹೇಳಿ ನಾನು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ಹೋಗಿಬಿಟ್ಟರೆ? ಡಾಕ್ಟರನ್ನು ಕೇಳಿ ಎನ್ನಬಹುದಿತ್ತು. ಎಷ್ಟೋ ಸಲ ಹಾಗೆ ತಪ್ಪಿಸಿಕೊಂಡಿದ್ದೆ. ವಾರಿಜಕ್ಕ ಕಣ್ಣು ಕದಲಿಸದೆ ನೋಡುತ್ತಿದ್ದರು.

"ಹೌದು ಅಕ್ಕ" ಎಂದೆ. "ಇದೇ."

ಅವರು ಚೀರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತುಳಸಿಯ ನೀರನ್ನು ಗಂಡನ ಬಾಯಿಗೆ ಬಿಟ್ಟರು. ಅದು ಒಳಗೆ ಹೋಗದೆ ಬಾಯಿಯ ಮೂಲೆಯಿಂದ ಇಳಿಯಿತು, ಸೆರಗಿನಿಂದ ಒರೆಸಿದರು. ಮಗಳ ಕೈಗೆ ಚಮಚ ಕೊಟ್ಟರು. ಅವಳು ಬಿಟ್ಟಳು. ಆಮೇಲೆ ಅದನ್ನು ನನ್ನ ಕಡೆ ಚಾಚಿದರು. "ನೀವೂ ಬಿಡಿ ಬಾಯಮ್ಮ. ಮೊದಲು ಬಿಟ್ಟವರು ನೀವೇ ಅಲ್ವಾ?" ಎಂದರು. ಚಮಚ ತೆಗೆದುಕೊಂಡೆ. ಬಿಟ್ಟೆ. ಯಾವ ಪ್ರಾರ್ಥನೆ ಹೇಳಬೇಕೆಂದು ಗೊತ್ತಾಗದೆ ನಮ್ಮದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ.

ಸಂಜೀವಣ್ಣ ಹೋಗಲಿಲ್ಲ. ಮಧ್ಯಾಹ್ನವಾಯಿತು, ನನ್ನ ಡ್ಯೂಟಿ ಮುಗಿಯಿತು, ಉಸಿರು ನಿಂತು ನಿಂತು ಬರುತ್ತಲೇ ಇತ್ತು. ವಾರಿಜಕ್ಕನ ಮುಖ ನೋಡುವ ಧೈರ್ಯವಿಲ್ಲದೆ ಬ್ಯಾಗು ಹಿಡಿದು ಹೊರಟುಬಿಟ್ಟೆ. ಮನೆಯಲ್ಲಿ ಅನ್ನ ಬಡಿಸಿಕೊಂಡು ಕೂತೆ. ಬೇಗ ಹೇಳಿಬಿಟ್ಟೆ, ಬೇಗ ಹೇಳಿಬಿಟ್ಟೆ ಎಂದು ತಲೆಯೊಳಗೆ ಅದೇ ತಿರುಗುತ್ತಿತ್ತು. ಸ್ಟ್ಯಾನಿ "ಭಿಯೆನಾಕಾ" ಎಂದ, ಹೆದರಬೇಡ ಎಂದು. ಹೆದರಬೇಡ ಎಂದರೆ ಹೆದರಿಕೆ ಹೋಗುವುದಾದರೆ ಆ ವಾರ್ಡೇ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಶಿಲುಬೆಯ ಗುರುತು ಹಾಕಿಕೊಂಡು ಬಾಗಿಲು ತಳ್ಳಿದೆ. ಮಂಚ ಖಾಲಿ ಇರಲಿಲ್ಲ. ಸಂಜೀವಣ್ಣ ಇನ್ನೂ ಇದ್ದರು, ಉಸಿರು ಇನ್ನೂ ತೆಳ್ಳಗಾಗಿತ್ತು. ವಾರಿಜಕ್ಕ ಪಕ್ಕದಲ್ಲಿ ಕೂತು ಚಮಚದಿಂದ ಅವರ ತುಟಿ ಒದ್ದೆ ಮಾಡುತ್ತಿದ್ದರು, ನಾನು ಮಾಡುತ್ತಿದ್ದ ಹಾಗೆಯೇ, ತಲೆ ಸ್ವಲ್ಪ ಓರೆ ಮಾಡಿಸಿ, ಒಂದೊಂದೇ ಹನಿ. ಕೈ ನಡುಗುತ್ತಿರಲಿಲ್ಲ. ಗಂಡನ ಮುಖವನ್ನಾಗಲಿ ನನ್ನ ಮುಖವನ್ನಾಗಲಿ ನೋಡಿ ಏನನ್ನೂ ಕೇಳಲಿಲ್ಲ.

"ಅಕ್ಕ, ನಾನು ನಿನ್ನೆ ಅವಸರ ಮಾಡಿದೆನಾ?" ಎಂದೆ.

"ಎಂಥ ಅವಸರ? ಆ ನೀರು ಕೊಟ್ಟಾಯ್ತಲ್ಲ ಬಾಯಮ್ಮ. ಇನ್ನು ಯಾವುದಕ್ಕೆ ಹೆದರುವುದು? ಇದು ಬಾಯಾರಿಕೆಗೆ."

ಇನ್ನೊಂದು ಹನಿ ಬಿಟ್ಟರು. ಸಂಜೀವಣ್ಣ ಹೋದದ್ದು ಅದೇ ದಿನ ಮಧ್ಯಾಹ್ನ, ಹೆಂಡತಿಯ ಕೈಯಲ್ಲಿ ಚಮಚ ಇರುವಾಗಲೇ. ಕಣ್ಣು ಮುಚ್ಚಿಸಲು ನಾನು ಬಗ್ಗಿದೆ. ತುಟಿ ಒಣಗಿರಲಿಲ್ಲ.